ಕುರುಚಲು ನೆಲದ ಲಾವಕ್ಕಿಗಳು: ಪರ್ಡಿಕ್ಯುಲ ಕುಲ ಮತ್ತು ಅದರ ನಾಲ್ಕು ಪ್ರಭೇದಗಳು

ಬಿಸಿಲು ಇಳಿಯುವ ಹೊತ್ತಿನಲ್ಲಿ ದಖ್ಖನ್ ಪ್ರಸ್ಥಭೂಮಿಯ ಕುರುಚಲು ಬಯಲಿನಲ್ಲಿ ನಡೆದು ಬಲ್ಲವರಿಗೆ ಒಂದು ಅನುಭವ ಪರಿಚಿತವಾಗಿರುತ್ತದೆ. ಕಾಲ ಬುಡದಲ್ಲಿ ಏನೂ ಇಲ್ಲವೆಂದು ಹೆಜ್ಜೆ ಇಡುತ್ತಿರುವಾಗಲೇ, ನೆಲವೇ ಸಿಡಿಯಿತೋ ಎಂಬಂತೆ ಹತ್ತಾರು ಪುಟ್ಟ ಹಕ್ಕಿಗಳು ಬುರ್ರೆಂದು ಮೇಲೆದ್ದು ದಿಕ್ಕಿಗೊಂದರಂತೆ ಚದುರಿ ಹೋಗುತ್ತವೆ. ಸ್ವಲ್ಪ ದೂರ ಹಾರಿ ಮತ್ತೆ ಪೊದೆಗಳೊಳಗೆ ಇಳಿದು ಕಣ್ಮರೆಯಾಗುತ್ತವೆ. ಇದೆಲ್ಲವೂ ಕೆಲವೇ ಕ್ಷಣಗಳ ಮಾತು. ನಡೆಯುವವನು ಚೇತರಿಸಿಕೊಳ್ಳುವ ವೇಳೆಗೆ ಬಯಲು ಮೊದಲಿನಂತೆಯೇ ನಿಶ್ಶಬ್ದವಾಗಿರುತ್ತದೆ. ಅಲ್ಲೇ ನಿಂತು ಕಿವಿಗೊಟ್ಟರೆ ಮಾತ್ರ, ಸ್ವಲ್ಪ ಹೊತ್ತಿನ ಮೇಲೆ ಅಲ್ಲೊಂದು ಇಲ್ಲೊಂದು ಮೆಲುವಾದ ಸಿಳ್ಳು ಕೇಳಿಬರುತ್ತದೆ. ಚದುರಿದ ಹಕ್ಕಿಗಳು ಒಂದನ್ನೊಂದು ಕರೆದು ಮತ್ತೆ ಕೂಡಿಕೊಳ್ಳುತ್ತಿರುತ್ತವೆ.

ಇವು ಲಾವಕ್ಕಿಗಳು. ನವಿಲಿನ ವೈಭವವಾಗಲಿ, ಎರ್ಲಡ್ಡಿನ ಎತ್ತರವಾಗಲಿ, ಕೋಗಿಲೆಯ ಕಂಠವಾಗಲಿ ಇವುಗಳಿಗಿಲ್ಲ. ಆದುದರಿಂದಲೇ ಇವು ಜನರ ಗಮನಕ್ಕೆ ಹೆಚ್ಚಾಗಿ ಬಂದಿಲ್ಲ. ಆದರೂ ಇವುಗಳಲ್ಲಿ ಒಂದು ಕುಲವು ಭಾರತ ಉಪಖಂಡಕ್ಕೇ ವಿಶಿಷ್ಟವಾದುದು. ಮನುಷ್ಯನು ಕೊಂಡೊಯ್ದು ಬಿಟ್ಟ ಕಡೆಯನ್ನುಳಿದರೆ ಪ್ರಪಂಚದ ಬೇರೆ ಯಾವ ಭಾಗದಲ್ಲಿಯೂ ಅದು ಇಲ್ಲ. ಆ ಕುಲದ ಹೆಸರು ಪರ್ಡಿಕ್ಯುಲ. ಅದರ ನಾಲ್ಕು ಪ್ರಭೇದಗಳ ಪೈಕಿ ಮೂರು ಇಂದಿಗೂ ಸಾಕಷ್ಟು ಸಂಖ್ಯೆಯಲ್ಲಿವೆ. ಒಂದು ಅಳಿವಿನ ಅಂಚಿನಲ್ಲಿದೆ. ಈ ನಾಲ್ಕೂ ಹಕ್ಕಿಗಳ ಭವಿಷ್ಯವು, ನಾವು ಸಾಮಾನ್ಯವಾಗಿ ‘ಪಾಳು ಭೂಮಿ’ ಎಂದು ಕರೆದು ಮರೆತುಬಿಡುವ ನೆಲದೊಡನೆ ಬೆಸೆದುಕೊಂಡಿದೆ ಎಂಬುದನ್ನು ಓದುಗರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಲಾವಕ್ಕಿ ಎಂದರೆ ಯಾವ ಹಕ್ಕಿ?

ಕನ್ನಡನಾಡಿನಲ್ಲಿ ಈ ಹಕ್ಕಿಗಳನ್ನು ಲಾವಕ್ಕಿ, ಲಾವುಗೆ, ಬುರ್ಲಿ ಎಂದು ಬೇರೆ ಬೇರೆ ಕಡೆಗಳಲ್ಲಿ ಕರೆಯುತ್ತಾರೆ. ಸಂಸ್ಕೃತದಲ್ಲಿ ಲಾವ, ಲಾವಕ, ವರ್ತಿಕಾ ಎಂಬ ಹೆಸರುಗಳಿವೆ. ತೋಳದ ಬಾಯಿಗೆ ಸಿಕ್ಕಿದ್ದ ವರ್ತಿಕೆಯೊಂದನ್ನು ಅಶ್ವಿನೀ ದೇವತೆಗಳು ಬಿಡಿಸಿದ ಪ್ರಸ್ತಾಪವು ಋಗ್ವೇದದಲ್ಲಿಯೇ ಬರುತ್ತದೆ. ಬೇಡನ ಬಲೆಗೆ ಸಿಕ್ಕಿದ ಲಾವಕ್ಕಿಗಳು ಒಗ್ಗಟ್ಟಿನಿಂದ ಬಲೆಯನ್ನೇ ಎತ್ತಿಕೊಂಡು ಹಾರಿದವೆಂದೂ, ತಮ್ಮತಮ್ಮಲ್ಲೇ ಜಗಳವಾಡಿದ ದಿನ ಬೇಡನ ಪಾಲಾದವೆಂದೂ ಹೇಳುವ ಕಥೆ ಬೌದ್ಧ ಜಾತಕಗಳಲ್ಲಿದೆ. ಗುಂಪಾಗಿ ಬಾಳುವ ಈ ಹಕ್ಕಿಗಳ ಸ್ವಭಾವವನ್ನು ನಮ್ಮ ಪೂರ್ವಿಕರು ಚೆನ್ನಾಗಿ ಗಮನಿಸಿದ್ದರೆಂಬುದಕ್ಕೆ ಇದು ಸಾಕ್ಷಿ.

ಆದರೆ ಜನಬಳಕೆಯಲ್ಲಿ ‘ಲಾವಕ್ಕಿ’ ಎಂಬ ಒಂದೇ ಹೆಸರಿನಡಿಯಲ್ಲಿ ಪರಸ್ಪರ ಭಿನ್ನವಾದ ಹಲವು ಹಕ್ಕಿಗಳು ಸೇರಿಕೊಂಡಿವೆ. ಅವುಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಮೊದಲನೆಯದು ಕೊಟರ್ನಿಕ್ಸ್ ಕುಲ. ಚಳಿಗಾಲದಲ್ಲಿ ದೂರದ ಉತ್ತರ ದೇಶಗಳಿಂದ ನಮ್ಮ ಹೊಲಗಳಿಗೆ ವಲಸೆ ಬರುವ ಬೂದು ಲಾವಕ್ಕಿಯೂ, ಮುಂಗಾರಿನ ಕಾಲದಲ್ಲಿ ಬೆಳೆದ ಪೈರು, ಹುಲ್ಲುಗಳ ನಡುವೆ ಕೂಗುವ ಮಳೆ ಲಾವಕ್ಕಿಯೂ ಈ ಕುಲಕ್ಕೆ ಸೇರಿದವು. ಕೋಳಿ ಸಾಕಣೆಯ ಮಾದರಿಯಲ್ಲಿ ಮೊಟ್ಟೆ, ಮಾಂಸಗಳಿಗಾಗಿ ಸಾಕಲಾಗುವ ಜಪಾನೀ ಲಾವಕ್ಕಿಯೂ ಇದೇ ಕುಲದ್ದು. ಎರಡನೆಯದು ಟರ್ನಿಕ್ಸ್ ಕುಲದ ಗುಂಡು ಲಾವಕ್ಕಿಗಳು. ನೋಟಕ್ಕೆ ಲಾವಕ್ಕಿಗಳಂತೆಯೇ ಇದ್ದರೂ ಇವುಗಳ ಕಾಲಿಗೆ ಮೂರೇ ಬೆರಳುಗಳು. ಹಿಂದಿನ ಬೆರಳು ಇಲ್ಲ. ಶಾಸ್ತ್ರದ ದೃಷ್ಟಿಯಿಂದ ಇವು ನಿಜವಾದ ಲಾವಕ್ಕಿಗಳೇ ಅಲ್ಲ. ಮೂರನೆಯದೇ ಪರ್ಡಿಕ್ಯುಲ ಕುಲ. ಇವು ವಲಸೆ ಹೋಗುವುದಿಲ್ಲ. ಹುಟ್ಟಿದ ಪೊದೆಗಳ ಸುತ್ತಮುತ್ತಲಿನ ಕೆಲವೇ ಹೆಕ್ಟೇರುಗಳಲ್ಲಿ ಬದುಕು ಸಾಗಿಸುವ ಈ ಹಕ್ಕಿಗಳನ್ನು ಇಂಗ್ಲಿಷ್ ಗ್ರಂಥಗಳು ‘ಬುಷ್ ಕ್ವೇಲ್’, ಅಂದರೆ ಪೊದೆ ಲಾವಕ್ಕಿಗಳು ಎಂದು ಕರೆಯುತ್ತವೆ.

ಕುಲದ ಪರಿಚಯ

ನವಿಲು, ಕಾಡುಕೋಳಿ, ಗೌಜಲಕ್ಕಿಗಳನ್ನೊಳಗೊಂಡ ಫೇಸಿಯಾನಿಡೆ ಕುಟುಂಬಕ್ಕೆ ಪೊದೆ ಲಾವಕ್ಕಿಗಳೂ ಸೇರಿವೆ. ನೇಪಾಳದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದು, ಅಲ್ಲಿನ ಪ್ರಾಣಿಪಕ್ಷಿಗಳ ಅಧ್ಯಯನಕ್ಕೆ ಜೀವನದ ಬಹುಭಾಗವನ್ನು ಮೀಸಲಿಟ್ಟ ಬ್ರಯನ್ ಹಾಟನ್ ಹಾಡ್ಜ್‌ಸನ್ ಅವರು 1837ರಲ್ಲಿ ಈ ಕುಲಕ್ಕೆ ಪರ್ಡಿಕ್ಯುಲ ಎಂಬ ಹೆಸರನ್ನಿತ್ತರು. ಲ್ಯಾಟಿನ್ ಭಾಷೆಯಲ್ಲಿ ‘ಪರ್ಡಿಕ್ಸ್’ ಎಂದರೆ ಗೌಜಲಕ್ಕಿಯ ಜಾತಿಯ ಹಕ್ಕಿ. ‘ಪರ್ಡಿಕ್ಯುಲ’ ಎಂದರೆ ಪುಟ್ಟ ಗೌಜಲಕ್ಕಿ. ಹೆಸರು ಸಾರ್ಥಕವಾಗಿದೆ. ವಲಸೆಯ ಲಾವಕ್ಕಿಗಳಿಗಿಂತ ಇವುಗಳ ಕೊಕ್ಕು ದಪ್ಪ, ರೆಕ್ಕೆ ಮೋಟು ಮತ್ತು ದುಂಡು. ಗಂಡಿನ ಕಾಲಿನಲ್ಲಿ ಗೌಜಲಕ್ಕಿಯ ಮುಳ್ಳನ್ನು ನೆನಪಿಸುವ ಮೊಂಡಾದ ಒಂದು ಗಂಟು ಇರುತ್ತದೆ. ಮೋಟು ರೆಕ್ಕೆಗಳು ದೂರದ ಹಾರಾಟಕ್ಕೆ ತಕ್ಕವಲ್ಲ. ಅಪಾಯದ ಕ್ಷಣದಲ್ಲಿ ಥಟ್ಟನೆ ಮೇಲೆದ್ದು ಹತ್ತಿರದ ಮರೆಗೆ ಸೇರಲು ಮಾತ್ರ ಸಾಕು. ಈ ಒಂದು ಸಂಗತಿಯಲ್ಲಿಯೇ ಇವುಗಳ ಬದುಕಿನ ಸೊಗಸೂ ಅಡಗಿದೆ, ಅಪಾಯವೂ ಅಡಗಿದೆ. ಇರುವ ನೆಲ ಕೈತಪ್ಪಿದರೆ ಹಾರಿ ಬೇರೆ ನಾಡು ಸೇರುವ ಶಕ್ತಿ ಇವುಗಳಿಗಿಲ್ಲ.

ನಾಲ್ಕು ಪ್ರಭೇದಗಳು

ಅಡವಿ ಲಾವಕ್ಕಿ: ಶಾಸ್ತ್ರೀಯ ಹೆಸರು ಪರ್ಡಿಕ್ಯುಲ ಏಷ್ಯಾಟಿಕ. ಸುಮಾರು 16ರಿಂದ 18 ಸೆಂಟಿಮೀಟರ್ ಉದ್ದದ ದುಂಡನೆಯ ಹಕ್ಕಿ. ಗಂಡಿನ ಬೆನ್ನು ಕಂದು; ಎದೆ ಹೊಟ್ಟೆಗಳು ಬಿಳಿ, ಅವುಗಳ ಮೇಲೆ ಅಡ್ಡಡ್ಡಲಾಗಿ ಕಪ್ಪು ಪಟ್ಟಿಗಳು. ಗಂಟಲು ಗಾಢವಾದ ಕೆಂಗಂದು. ಕಣ್ಣಿನ ಮೇಲೆ ಕೆಂಗಂದು ಮತ್ತು ಬಿಳಿ ಬಣ್ಣಗಳ ನೀಳವಾದ ಹುಬ್ಬುಗೆರೆ. ಹೆಣ್ಣಿನ ಎದೆ ಹೊಟ್ಟೆಗಳಲ್ಲಿ ಪಟ್ಟಿಗಳಿಲ್ಲ. ನಸುಗೆಂಪು ಬೆರೆತ ಕಂದು ಬಣ್ಣವಿದೆ. ಎಲೆಯುದುರುವ ಕಾಡುಗಳ ಅಂಚು, ದಟ್ಟವಾದ ಕುರುಚಲು, ಹುಲ್ಲು ಬೆರೆತ ಗುಡ್ಡಗಳು ಇದರ ನೆಲೆ. ಭಾರತದ ಬಹುಭಾಗದಲ್ಲಿಯೂ ಶ್ರೀಲಂಕಾದಲ್ಲಿಯೂ ಇದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಜನರು ಕೊಂಡೊಯ್ದ ಈ ಹಕ್ಕಿ ಅಲ್ಲಿಯೂ ನೆಲೆಯೂರಿದೆ.

ಕಲ್ಲು ಲಾವಕ್ಕಿ: ಪರ್ಡಿಕ್ಯುಲ ಅರ್ಗೂಂಡಾ. ಗಾತ್ರದಲ್ಲಿ, ನೋಟದಲ್ಲಿ ಅಡವಿ ಲಾವಕ್ಕಿಯನ್ನು ಬಹಳ ಮಟ್ಟಿಗೆ ಹೋಲುತ್ತದೆ. ಆದರೆ ಗಂಡಿನ ಗಂಟಲಿನ ಬಣ್ಣ ಮಂಕಾದ ಇಟ್ಟಿಗೆಗೆಂಪು. ಹುಬ್ಬುಗೆರೆ ಅಷ್ಟು ಸ್ಪಷ್ಟವಲ್ಲ. ಹೆಣ್ಣಿನ ಗದ್ದ ಬಿಳಿಚು. ಇವೆರಡರ ನಡುವಿನ ನಿಜವಾದ ವ್ಯತ್ಯಾಸವನ್ನು ಹಕ್ಕಿಯಲ್ಲಿ ನೋಡುವುದಕ್ಕಿಂತ ನೆಲದಲ್ಲಿ ನೋಡುವುದೇ ಸುಲಭ. ಮಳೆ ಕಡಿಮೆ ಬೀಳುವ, ಕಲ್ಲು ಕೊರಕಲುಗಳಿರುವ, ಅಲ್ಲಲ್ಲಿ ಮುಳ್ಳುಪೊದೆಗಳಷ್ಟೇ ಬೆಳೆದಿರುವ ಬಯಲು ಕಲ್ಲು ಲಾವಕ್ಕಿಯದು. ಮಳೆ ಹೆಚ್ಚಿ ಪೊದೆ ದಟ್ಟವಾಗುತ್ತ ಹೋದಂತೆ ಅಲ್ಲಿ ಅಡವಿ ಲಾವಕ್ಕಿ ಕಾಣತೊಡಗುತ್ತದೆ. ಇದು ಭಾರತದಲ್ಲಿ ಮಾತ್ರವೇ ಕಂಡುಬರುವ ಹಕ್ಕಿ.

ಬಣ್ಣದ ಲಾವಕ್ಕಿ: ಪರ್ಡಿಕ್ಯುಲ ಎರಿತ್ರೋರಿಂಕ. ಗ್ರೀಕ್ ಮೂಲದ ಈ ಪದಕ್ಕೆ ಕೆಂಪು ಕೊಕ್ಕಿನದು ಎಂದು ಅರ್ಥ. ಕೊಕ್ಕು, ಕಾಲುಗಳೆರಡೂ ಕೆಂಪಾಗಿರುವ ಈ ಹಕ್ಕಿಯನ್ನು ಬೇರೆ ಯಾವ ಲಾವಕ್ಕಿಯೊಂದಿಗೂ ತಪ್ಪಾಗಿ ಗುರುತಿಸುವ ಸಂಭವವಿಲ್ಲ. ಗಂಡಿನ ತಲೆಯಲ್ಲಿ ಕಪ್ಪು ಬಿಳುಪುಗಳ ಸ್ಪಷ್ಟ ಗುರುತು, ಬಿಳಿಯ ಗಂಟಲು, ಮೈಯ ಪಕ್ಕಗಳಲ್ಲಿ ಬಿಡಿಸಿಟ್ಟಂತಿರುವ ಕಪ್ಪು ಬಿಳಿ ಚುಕ್ಕೆಗಳು ಇವೆ. ಹೆಣ್ಣಿನ ಮುಖ ಕೆಂಗಂದು. ಪಶ್ಚಿಮ ಘಟ್ಟಗಳ ಉದ್ದಕ್ಕೂ, ನೀಲಗಿರಿ, ಕೊಡಗು, ಬಿಳಿಗಿರಿರಂಗನ ಬೆಟ್ಟಗಳಲ್ಲಿಯೂ, ಪೂರ್ವ ಘಟ್ಟ ಮತ್ತು ಮಧ್ಯಭಾರತದ ಗುಡ್ಡಗಳಲ್ಲಿಯೂ ಹುಲ್ಲು ಪೊದೆಗಳು ಬೆರೆತ ಇಳಿಜಾರುಗಳು ಇದರ ಬೀಡು. ಇದೂ ಭಾರತದಲ್ಲಿ ಮಾತ್ರವೇ ಇದೆ.

ಕಲ್ಲು ಲಾವಕ್ಕಿ ಮತ್ತು ಬಣ್ಣದ ಲಾವಕ್ಕಿಗಳನ್ನು ಶಾಸ್ತ್ರಲೋಕಕ್ಕೆ ಮೊದಲು ಪರಿಚಯಿಸಿದವರು ಒಬ್ಬರೇ. ಮುಂಬಯಿ ಸೇನೆಯ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸೈಕ್ಸ್ ಅವರು ಮುಂಬಯಿ ಸರ್ಕಾರದ ಪರವಾಗಿ ದಖ್ಖನ್ನಿನ ಅಂಕಿಅಂಶಗಳನ್ನು ಸಂಗ್ರಹಿಸುವ ಕಾರ್ಯದಲ್ಲಿ ತೊಡಗಿದ್ದಾಗ ಅಲ್ಲಿನ ಪಕ್ಷಿಗಳನ್ನೂ ಗುರುತು ಹಾಕಿಕೊಂಡರು. 1832ರಲ್ಲಿ ಪ್ರಕಟವಾದ ಅವರ ದಖ್ಖನ್ ಪಕ್ಷಿಗಳ ಪಟ್ಟಿಯಲ್ಲಿ ಈ ಎರಡೂ ಸ್ಥಾನ ಪಡೆದವು. ಇಂದು ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ನೆಲೆಸಿರುವ ಕನ್ನಡಿಗರು ನಗರದ ಹೊರವಲಯ ದಾಟಿ ಕಲ್ಲುಬಯಲಿಗೆ ಹೋದರೆ, ಸೈಕ್ಸ್ ಕಂಡ ಅದೇ ಹಕ್ಕಿಯ ಸಂತತಿಯನ್ನು ಕಾಣುವ ಸಾಧ್ಯತೆ ಉಂಟು.

ಮಣಿಪುರ ಲಾವಕ್ಕಿ: ಪರ್ಡಿಕ್ಯುಲ ಮಣಿಪುರೆನ್ಸಿಸ್. ನಾಲ್ಕರಲ್ಲಿ ಗಾತ್ರದಲ್ಲಿ ದೊಡ್ಡದು. ಉದ್ದ ಸುಮಾರು 20 ಸೆಂಟಿಮೀಟರ್. ಮೈಯ ಮೇಲ್ಭಾಗ ಸ್ಲೇಟಿನಂಥ ಕಡು ಬೂದು. ಗಂಡಿನ ಹಣೆ, ಗಂಟಲುಗಳು ಕೆಂಗಂದು. ಹೊಟ್ಟೆಯ ಹೊಂಬಣ್ಣದ ಗರಿಗಳ ಮೇಲೆ ಶಿಲುಬೆಯಾಕಾರದ ಕಪ್ಪು ಗುರುತುಗಳಿವೆ. ಈಶಾನ್ಯ ಭಾರತದ ಒದ್ದೆ ನೆಲದಲ್ಲಿ ಆಳೆತ್ತರಕ್ಕೆ ಬೆಳೆಯುವ ಹುಲ್ಲೇ ಇದರ ಮನೆ. ನಂತರದ ದಿನಗಳಲ್ಲಿ, 1885ರಲ್ಲಿ, ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬರಾದ ಅಲನ್ ಆಕ್ಟೇವಿಯನ್ ಹ್ಯೂಮ್ ಅವರು 1881ರಲ್ಲಿ ಮಣಿಪುರಕ್ಕೆ ಹೋಗಿದ್ದಾಗ ಇದನ್ನು ಮೊದಲು ಕಂಡು ವರ್ಣಿಸಿದರು. ಹುಲ್ಲಿನ ಮರೆ ಬಿಟ್ಟು ಹೊರಬಾರದ ಈ ಹಕ್ಕಿಯನ್ನು ಪಡೆಯಲು ಅವರು ತಮ್ಮ ಸಹಾಯಕರೊಡನೆ ವಿಶಾಲವಾದ ಹುಲ್ಲುಗಾವಲೊಂದನ್ನೇ ಕತ್ತರಿಸಬೇಕಾಯಿತು. ಮಣಿಪುರದಲ್ಲಿ ಇದಕ್ಕಿದ್ದ ಸ್ಥಳೀಯ ಹೆಸರಿಗೆ ‘ಉರುಲಿನ ಲಾವಕ್ಕಿ’ ಎಂಬ ಅರ್ಥವಿದೆ ಎನ್ನಲಾಗಿದೆ. ಹುಲ್ಲಿಗೆ ಬೆಂಕಿ ಹಚ್ಚಿ, ಓಡಿ ಬರುವ ಹಕ್ಕಿಗಳನ್ನು ಉರುಲುಗಳಲ್ಲಿ ಹಿಡಿಯುವ ಪದ್ಧತಿಯಿಂದ ಆ ಹೆಸರು ಬಂದಿರಬಹುದು.

1932ರ ನಂತರ ಈ ಹಕ್ಕಿಯನ್ನು ಕಂಡ ಖಚಿತ ದಾಖಲೆ ದಶಕಗಳ ಕಾಲ ದೊರೆಯಲಿಲ್ಲ. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 2006ರ ಜೂನ್ ತಿಂಗಳಲ್ಲಿ, ಅಸ್ಸಾಮಿನಲ್ಲಿ ಪಕ್ಷಿತಜ್ಞ ಅನ್ವರುದ್ದೀನ್ ಚೌಧುರಿ ಅವರು ಇದನ್ನು ಮತ್ತೆ ಕಂಡರು. ಹಕ್ಕಿ ಇನ್ನೂ ಉಳಿದಿದೆ ಎಂಬ ಸಮಾಧಾನವನ್ನು ಆ ಒಂದು ನೋಟ ತಂದಿತು. ಆದರೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿರುವ ಪ್ರಭೇದವೆಂದು ದಾಖಲಾಗಿದೆ. ಉಳಿದ ಮೂರು ಪ್ರಭೇದಗಳು ಸದ್ಯಕ್ಕೆ ಕಡಿಮೆ ಆತಂಕದ ವರ್ಗದಲ್ಲಿವೆ.

ಬದುಕಿನ ರೀತಿ

ಪೊದೆ ಲಾವಕ್ಕಿಗಳು ಒಂಟಿಯಾಗಿ ಕಾಣಸಿಗುವುದು ಅಪರೂಪ. ವರ್ಷದ ಬಹುಕಾಲ ಇವು ಆರೇಳರಿಂದ ಇಪ್ಪತ್ತರವರೆಗಿನ ಗುಂಪುಗಳಲ್ಲಿ ಇರುತ್ತವೆ. ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ ಹುಲ್ಲಿನ ಬೀಜ, ಉದುರಿದ ಧಾನ್ಯ, ಗೆದ್ದಲು ಮತ್ತಿತರ ಕೀಟಗಳನ್ನು ಆಯುತ್ತ ಸಾಗುತ್ತವೆ. ನೀರಿಗೆ ಹೋಗುವಾಗ ಒಂದರ ಹಿಂದೊಂದು ಸಾಲುಗಟ್ಟಿ, ದಿನವೂ ಅದೇ ಜಾಡಿನಲ್ಲಿ ನಡೆಯುವುದರಿಂದ ಹುಲ್ಲಿನ ನಡುವೆ ಸಣ್ಣ ಕಾಲುದಾರಿಗಳೇ ಏರ್ಪಡುತ್ತವೆ. ಬಂಡಿದಾರಿಯ ಧೂಳಿನಲ್ಲಿ ಹೊರಳಿ ಮೈಗೆ ಧೂಳು ಬಳಿದುಕೊಳ್ಳುವುದು ಇವುಗಳಿಗೆ ಪ್ರಿಯ. ವಿಶ್ರಮಿಸುವಾಗ ಮೈಗೆ ಮೈ ತಾಗಿಸಿ ಒತ್ತಾಗಿ ಕುಳಿತಿರುತ್ತವೆ.

ಅಪಾಯದ ಸುಳಿವು ಸಿಕ್ಕೊಡನೆ ಇವು ಹಾರುವುದಿಲ್ಲ. ಮೊದಲು ಪೊದೆಯ ಬುಡದಲ್ಲಿ ನೆಲಕ್ಕೆ ಅಂಟಿದಂತೆ ಅಲುಗಾಡದೆ ಕುಳಿತುಬಿಡುತ್ತವೆ. ಮೈಬಣ್ಣ ಒಣಹುಲ್ಲು, ಮಣ್ಣುಗಳೊಡನೆ ಬೆರೆತುಹೋಗಿ ಒಂದೆರಡು ಮಾರು ದೂರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ತುಳಿದೇ ಬಿಡುವರೇನೋ ಎಂಬಷ್ಟು ಹತ್ತಿರ ಬಂದಾಗ ಮಾತ್ರ ಒಟ್ಟಿಗೆ ಸಿಡಿದೇಳುತ್ತವೆ. ದಿಕ್ಕಿಗೊಂದು ಹಾರುವುದರಿಂದ ಬೇಟೆಯ ಪ್ರಾಣಿ ಯಾವುದನ್ನು ಬೆನ್ನಟ್ಟಬೇಕೆಂದು ತಿಳಿಯದೆ ಗಲಿಬಿಲಿಗೊಳ್ಳುತ್ತದೆ. ಅನಂತರ ಕೇಳಿಬರುವ ಮೆಲು ಸಿಳ್ಳೇ ಗುಂಪನ್ನು ಮತ್ತೆ ಕೂಡಿಸುವ ಸಾಧನ.

ಮಳೆಗಾಲದ ಕೊನೆಯಿಂದ ಮೊದಲುಗೊಂಡು ಚಳಿಗಾಲದವರೆಗೆ, ಪ್ರದೇಶವನ್ನು ಅನುಸರಿಸಿ, ಇವುಗಳ ಸಂತಾನೋತ್ಪತ್ತಿಯ ಕಾಲ. ಆಗ ಗುಂಪುಗಳು ಒಡೆದು ಜೋಡಿಗಳಾಗುತ್ತವೆ. ಹುಲ್ಲಿನ ಗುಬುರಿನ ಬುಡದಲ್ಲಿ ನೆಲವನ್ನು ಕೆದಕಿ ಮಾಡಿದ ತಗ್ಗೇ ಗೂಡು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಕೆನೆಬಣ್ಣದ ಮೊಟ್ಟೆಗಳಿರುತ್ತವೆ. ಕಾವು ಕೊಡುವುದು ಹೆಣ್ಣು. ಸುಮಾರು ಎರಡೂವರೆ ಮೂರು ವಾರಗಳಲ್ಲಿ ಹೊರಬರುವ ಮರಿಗಳು ಕೋಳಿಮರಿಗಳಂತೆ ಬಹುಬೇಗನೆ ತಾಯಿಯ ಹಿಂದೆ ಓಡಾಡಬಲ್ಲವು. ಗೂಡು ನೆಲದ ಮೇಲೆಯೇ ಇರುವುದರಿಂದ ಮುಂಗುಸಿ, ಹಾವು, ಉಡ, ಬೀದಿನಾಯಿಗಳಿಗೆ ಮೊಟ್ಟೆ ಮರಿಗಳು ಸುಲಭವಾಗಿ ತುತ್ತಾಗುತ್ತವೆ. ಪೊದೆಯ ಮರೆಯೊಂದೇ ಅವುಗಳಿಗಿರುವ ರಕ್ಷಣೆ.

ಮಣ್ಣಿನ ಬಣ್ಣ, ಹಕ್ಕಿಯ ಬಣ್ಣ

ನೆಲಕ್ಕೂ ಈ ಹಕ್ಕಿಗಳಿಗೂ ಇರುವ ನಂಟು ಎಷ್ಟು ಆಳವಾದುದೆಂಬುದನ್ನು ಇವುಗಳ ಉಪಪ್ರಭೇದಗಳಿಂದ ತಿಳಿಯಬಹುದು. ಒಂದೇ ಪ್ರಭೇದದ ಹಕ್ಕಿಗಳು ಬೇರೆ ಬೇರೆ ಸೀಮೆಗಳಲ್ಲಿ ತಲೆತಲಾಂತರದಿಂದ ನೆಲೆಸಿ, ಆಯಾ ಮಣ್ಣಿಗೆ ಹೊಂದುವ ಬಣ್ಣವನ್ನು ತಾಳಿವೆ. ಉತ್ತರ ಪಶ್ಚಿಮದ ಒಣ ಸೀಮೆಯ ಕಲ್ಲು ಲಾವಕ್ಕಿಯ ಮೈಬಣ್ಣ ಮಾಸಲು. ಕರ್ನಾಟಕದ ಕೆಮ್ಮಣ್ಣಿನ ಸೀಮೆಯ ಕಲ್ಲು ಲಾವಕ್ಕಿಯಾದರೋ ಮಣ್ಣಿನಂತೆಯೇ ಕೆಂಪು. ಹ್ಯೂ ವಿಸ್ಲರ್ ಅವರು 1943ರಲ್ಲಿ ಈ ಕೆಂಪು ಉಪಪ್ರಭೇದಕ್ಕೆ ಭಾರತದ ಹೆಸರಾಂತ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಗೌರವಾರ್ಥ ‘ಸಲೀಮಲಿಯೈ’ ಎಂಬ ಹೆಸರನ್ನಿಟ್ಟರು. ಅಡವಿ ಲಾವಕ್ಕಿಯ ಒಂದು ಉಪಪ್ರಭೇದವಂತೂ ತಮಿಳುನಾಡಿನ ವೆಲ್ಲೂರಿನ ಹೆಸರನ್ನೇ ಹೊತ್ತಿದೆ.

ಇದರ ಅರ್ಥ ಗಮನಾರ್ಹವಾದುದು. ಮೈಬಣ್ಣವು ಮಣ್ಣಿಗೆ ಹೊಂದದ ಹಕ್ಕಿ ಡೇಗೆಯ ಕಣ್ಣಿಗೆ ಬೇಗ ಬೀಳುತ್ತದೆ. ಹೊಂದಿದ ಹಕ್ಕಿ ಉಳಿದು ಮರಿ ಮಾಡುತ್ತದೆ. ಸಾವಿರಾರು ತಲೆಮಾರುಗಳ ಈ ಆಯ್ಕೆಯಿಂದ ಹಕ್ಕಿಯು ನೆಲದ ಒಂದು ಭಾಗವೇ ಆಗಿಬಿಟ್ಟಿದೆ. ಅದೇ ಹಕ್ಕಿಯನ್ನು ಬೇರೆ ಮಣ್ಣಿಗೆ ಒಯ್ದು ಬಿಟ್ಟರೆ ಈ ರಕ್ಷಣೆ ಇಲ್ಲವಾಗುತ್ತದೆ. ಕೆಮ್ಮಣ್ಣಿನ ಕುರುಚಲು ನಾಶವಾದರೆ ಅದರೊಂದಿಗೆ ಕೆಂಪು ಲಾವಕ್ಕಿಯೂ ಹೋಗುತ್ತದೆ.

‘ಪಾಳು’ ಎಂಬ ಪದದ ವಿಚಾರ

ಕುರುಚಲು ಬಯಲುಗಳನ್ನೂ ಹುಲ್ಲುಗಾವಲುಗಳನ್ನೂ ಆಡಳಿತದ ಭಾಷೆಯಲ್ಲಿ ಬಹುಕಾಲದಿಂದ ಪಾಳು ಭೂಮಿ ಎಂಬ ಶೀರ್ಷಿಕೆಯಡಿಯಲ್ಲಿ ಸೇರಿಸುತ್ತ ಬರಲಾಗಿದೆ. ಕೇಂದ್ರ ಸರ್ಕಾರದ ಭೂ ಸಂಪನ್ಮೂಲ ಇಲಾಖೆಯು 2019ರಲ್ಲಿ ಹೊರತಂದ ಪಾಳು ಭೂಮಿಯ ಭೂಪಟ ಸಂಪುಟದ ಪ್ರಕಾರ, 2015–16ರಲ್ಲಿ ದೇಶದಲ್ಲಿದ್ದ ಇಂತಹ ಭೂಮಿಯ ವಿಸ್ತೀರ್ಣ ಸುಮಾರು 5 ಕೋಟಿ 57 ಲಕ್ಷ ಹೆಕ್ಟೇರು, ಅಂದರೆ ದೇಶದ ಒಟ್ಟು ವಿಸ್ತೀರ್ಣದ ಶೇಕಡ 17ರಷ್ಟು. ದಟ್ಟ ಕುರುಚಲು ಮತ್ತು ವಿರಳ ಕುರುಚಲು ಇರುವ ಭೂಮಿಗಳು ಇದರೊಳಗಿನ ವರ್ಗಗಳು. ಈ ವರ್ಗೀಕರಣವು ಭೂಮಿಯ ಉತ್ಪಾದಕತೆಯನ್ನು ಅಳೆದು ಯೋಜನೆಗಳನ್ನು ರೂಪಿಸುವುದಕ್ಕಾಗಿ ಮಾಡಿದುದು. ಅದರ ಉಪಯೋಗ ಅದಕ್ಕಿದೆ. ಆದರೆ ಉತ್ಪಾದಕತೆ ಕಡಿಮೆಯಿರುವ ಭೂಮಿಯೆಲ್ಲ ಬರಿದಾದ ಭೂಮಿಯೆಂದು ಭಾವಿಸುವುದು ಸರಿಯಲ್ಲ.

ಕನ್ನಡದ ಹಳ್ಳಿಗಳಲ್ಲಿ ಇಂತಹ ನೆಲಕ್ಕೆ ಒಂದೇ ಹೆಸರಿರಲಿಲ್ಲ. ದನ ಮೇಯುವ ನೆಲ ಗೋಮಾಳ. ಹುಲ್ಲಿಗಾಗಿ ಕಾಯ್ದಿಟ್ಟ ನೆಲ ಕಾವಲು. ಉಳದೆ ಬಿಟ್ಟ ಹೊಲ ಬೀಳು. ಕಲ್ಲಿನ ದಿಣ್ಣೆ ಮಡ್ಡಿ. ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳು ನೂರಾರು ವರ್ಷ ಒಳ್ಳೆಯ ರಾಸುಗಳನ್ನು ಸಾಕಿದವು. ಅದೇ ಹುಲ್ಲಿನ ಮರೆಯಲ್ಲಿ ಕೃಷ್ಣಮೃಗಗಳೂ ಲಾವಕ್ಕಿಗಳೂ ಬದುಕಿದವು. ಹೆಸರು ಬೇರೆ ಬೇರೆಯಿದ್ದಲ್ಲಿ ಉಪಯೋಗವೂ ತಿಳಿದಿತ್ತು, ಮಿತಿಯೂ ತಿಳಿದಿತ್ತು. ಎಲ್ಲವೂ ಸೇರಿ ‘ಪಾಳು’ ಆದಾಗ, ಏನನ್ನಾದರೂ ಮಾಡಿ ಅದನ್ನು ಮುಗಿಸಿಬಿಡಬೇಕೆಂಬ ಆತುರ ಹುಟ್ಟುವುದು ಸಹಜ.

ಹೀಗೆ ಬರಿದೆಂದು ಭಾವಿಸಿದ ಬಯಲನ್ನು ಅಗೆದು ನೀಲಗಿರಿ, ಅಕೇಶಿಯ ಮೊದಲಾದ ಒಂದೇ ಜಾತಿಯ ಗಿಡಗಳನ್ನು ಸಾಲಾಗಿ ನೆಟ್ಟಾಗ ಹಸಿರು ಹೆಚ್ಚಿದಂತೆ ಕಾಣುತ್ತದೆ. ಆದರೆ ನೆರಳು ಕವಿದು ಹುಲ್ಲು ಸಾಯುತ್ತದೆ. ಬೀಜವೂ ಗೆದ್ದಲೂ ಕಡಿಮೆಯಾಗಿ, ಅಡಗಲು ಪೊದೆಯಿಲ್ಲದೆ ಲಾವಕ್ಕಿ ಇಲ್ಲವಾಗುತ್ತದೆ. ಮರವಿಲ್ಲದ ಎಡೆಯೆಲ್ಲ ಮರ ನೆಡಬೇಕಾದ ಎಡೆಯಲ್ಲ. ಕಲ್ಲುಗಣಿ, ಬಡಾವಣೆ, ಬೇಸಗೆಯಲ್ಲಿ ಹೊಸ ಚಿಗುರಿಗಾಗಿ ಹಚ್ಚುವ ಬೆಂಕಿ, ಮಿತಿಮೀರಿದ ಮೇವು, ಗ್ರಾಮಗಳ ಅಂಚಿನಲ್ಲಿ ಹೆಚ್ಚುತ್ತಿರುವ ಬೀದಿನಾಯಿಗಳು, ಉರುಲು ಬಲೆಗಳು ಇವೆಲ್ಲವೂ ಒಂದರ ಮೇಲೊಂದು ಸೇರಿ ಹೊರೆಯಾಗುತ್ತವೆ. ಈಶಾನ್ಯದಲ್ಲಿ ಎತ್ತರದ ಹುಲ್ಲಿನ ತಗ್ಗುಗಳು ಬರಿದಾಗಿ ಗದ್ದೆಗಳಾದುದೂ, ಹುಲ್ಲು ಸುಡುವ ರೂಢಿಯೂ ಮಣಿಪುರ ಲಾವಕ್ಕಿಯ ಅವನತಿಗೆ ಮುಖ್ಯ ಕಾರಣಗಳು.

ಹಿಮಾಲಯ ಕಲಿಸುವ ಪಾಠ

ಪುಟ್ಟ ಹಕ್ಕಿಯೊಂದು ಯಾರಿಗೂ ತಿಳಿಯದಂತೆ ಕಣ್ಮರೆಯಾಗಬಲ್ಲುದೇ ಎಂಬ ಸಂದೇಹವಿದ್ದವರು ಹಿಮಾಲಯ ಲಾವಕ್ಕಿಯ ಕಥೆಯನ್ನು ನೆನೆಯಬೇಕು. ಇದು ಪರ್ಡಿಕ್ಯುಲ ಕುಲದ್ದಲ್ಲ. ಓಫ್ರಿಸಿಯ ಎಂಬ ಬೇರೊಂದು ಕುಲದ ಏಕೈಕ ಪ್ರಭೇದ. 1846ರಲ್ಲಿ ಶಾಸ್ತ್ರಲೋಕಕ್ಕೆ ಪರಿಚಯವಾದ ಈ ಹಕ್ಕಿ ಮಸ್ಸೂರಿ ಮತ್ತು ನೈನಿತಾಲ್ ಸುತ್ತಲಿನ ಕಡಿದಾದ ಹುಲ್ಲಿನ ಇಳಿಜಾರುಗಳಲ್ಲಿ ಕೆಲವು ಬಾರಿ ಮಾತ್ರ ದೊರೆಯಿತು. 1876ರಲ್ಲಿ ನೈನಿತಾಲಿನ ಬಳಿ ದೊರೆತ ಹಕ್ಕಿಯೇ ಕೊನೆಯ ಖಚಿತ ದಾಖಲೆ. ಆಮೇಲೆ ಹಲವು ತಂಡಗಳು ಹುಡುಕಿದರೂ ಹಕ್ಕಿ ಸಿಗಲಿಲ್ಲ. ಪ್ರಪಂಚದ ಸಂಗ್ರಹಾಲಯಗಳಲ್ಲಿರುವ ಹತ್ತು ಹನ್ನೆರಡು ಚರ್ಮಗಳಷ್ಟೇ ಇಂದು ಅದರ ಗುರುತು. ಅದು ಸಂಪೂರ್ಣ ಅಳಿದುಹೋಯಿತೆಂದು ಇನ್ನೂ ಘೋಷಿಸಿಲ್ಲ. ತೀವ್ರ ಅಪಾಯದಲ್ಲಿರುವ ಪ್ರಭೇದವೆಂದೇ ಪರಿಗಣಿಸಲಾಗಿದೆ. ಅದು ಏನನ್ನು ತಿನ್ನುತ್ತಿತ್ತು, ಎಲ್ಲಿ ಗೂಡು ಕಟ್ಟುತ್ತಿತ್ತು ಎಂಬುದನ್ನು ತಿಳಿಯುವ ಮೊದಲೇ ಅದು ನಮ್ಮ ಕಣ್ಣಿಂದ ಮರೆಯಾಯಿತು. ಮಣಿಪುರ ಲಾವಕ್ಕಿಯ ವಿಷಯದಲ್ಲಿ ಇದು ಪುನರಾವರ್ತನೆ ಆಗಬಾರದು.

ಕಾನೂನು ಮತ್ತು ಸಾಕಿದ ಲಾವಕ್ಕಿ

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಕಾಡು ಲಾವಕ್ಕಿಗಳಿಗೆ ರಕ್ಷಣೆ ನೀಡಿದೆ. ಈ ಅಧಿನಿಯಮದಲ್ಲಿ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಲು ಒಡ್ಡುವುದು, ಬಲೆ ಬೀಸುವುದು, ಆಮಿಷ ಒಡ್ಡುವುದು, ಮೊಟ್ಟೆ ಗೂಡುಗಳನ್ನು ಹಾಳುಮಾಡುವುದು ಇವೂ ಬೇಟೆಯೇ. 2022ರ ತಿದ್ದುಪಡಿಯ ಮೂಲಕ ಅಧಿನಿಯಮದ ಅನುಸೂಚಿಗಳನ್ನು ಪುನರ್ರಚಿಸಿ ನಾಲ್ಕಕ್ಕೆ ಇಳಿಸಲಾಯಿತು. ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ.

ಇಲ್ಲಿ ಒಂದು ಸಂದೇಹಕ್ಕೆ ಎಡೆಯುಂಟು. ಹೋಟೆಲುಗಳಲ್ಲಿ, ಮಾಂಸದ ಅಂಗಡಿಗಳಲ್ಲಿ ಲಾವಕ್ಕಿ ಬಹಿರಂಗವಾಗಿ ಮಾರಾಟವಾಗುತ್ತಿದೆಯಲ್ಲ ಎಂದು ಕೇಳಬಹುದು. ಅಲ್ಲಿ ಮಾರಾಟವಾಗಬೇಕಾದುದು ಸಾಕಿದ ಜಪಾನೀ ಲಾವಕ್ಕಿ. 1970ರ ದಶಕದಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತರಿಸಿ ಬೆಳೆಸಿದ ಈ ತಳಿ ಆರೇಳು ವಾರಗಳಲ್ಲಿ ಮೊಟ್ಟೆಯಿಡತೊಡಗುತ್ತದೆ. ಕಡಿಮೆ ಜಾಗ, ಕಡಿಮೆ ಬಂಡವಾಳದಲ್ಲಿ ಸಾಕಬಹುದಾದುದರಿಂದ ಸಣ್ಣ ರೈತರಿಗೆ ಆದಾಯದ ಮೂಲವಾಗಿದೆ. ಇದಕ್ಕೂ ಕಾಡಿನ ಲಾವಕ್ಕಿಗೂ ಸಂಬಂಧವಿಲ್ಲ. ಆದರೆ ಸಾಕಿದ ಹಕ್ಕಿಯ ಹೆಸರಿನ ಮರೆಯಲ್ಲಿ ಬಲೆಗೆ ಬಿದ್ದ ಕಾಡು ಹಕ್ಕಿ ಮಾರುಕಟ್ಟೆಗೆ ಬರದಂತೆ ನೋಡಿಕೊಳ್ಳಬೇಕು. ರಸ್ತೆಬದಿಯಲ್ಲಿ ಕಾಲು ಕಟ್ಟಿದ ಅಥವಾ ಬುಟ್ಟಿಯಲ್ಲಿ ತುರುಕಿದ, ‘ಕಾಡಿನದು, ರುಚಿ ಹೆಚ್ಚು’ ಎಂದು ಹೇಳಿ ಮಾರುವ ಹಕ್ಕಿಗಳನ್ನು ಕೊಳ್ಳದಿರುವುದು ಗ್ರಾಹಕರ ಕರ್ತವ್ಯ. ಕೊಳ್ಳುವವರಿಲ್ಲದಿದ್ದರೆ ಉರುಲು ಒಡ್ಡುವವರೂ ಇರುವುದಿಲ್ಲ.

ನಾವು ಮಾಡಬಹುದಾದುದು

ಲಾವಕ್ಕಿಗಳ ಸಂರಕ್ಷಣೆಗೆ ದೊಡ್ಡ ವೆಚ್ಚದ ಅಗತ್ಯವಿಲ್ಲ. ಹೊಲದ ಬದುಗಳ ಮೇಲಿನ ಪೊದೆಗಳನ್ನು ಪೂರ್ತಿಯಾಗಿ ಸವರದೆ ಅಲ್ಲಲ್ಲಿ ಉಳಿಸಿದರೆ ಹಕ್ಕಿಗೆ ಮರೆ ಸಿಗುತ್ತದೆ. ಅದು ತಿನ್ನುವ ಗೆದ್ದಲು, ಕೀಟಗಳಿಂದ ರೈತನಿಗೂ ಉಪಕಾರವಾಗುತ್ತದೆ. ಗೋಮಾಳದ ಹುಲ್ಲನ್ನು ಒಮ್ಮೆಲೇ ಸುಡುವ ಬದಲು ಭಾಗಭಾಗವಾಗಿ ಕೊಯ್ದುಕೊಳ್ಳಬಹುದು. ಸಸಿ ನೆಡುವ ಕಾರ್ಯಕ್ರಮಗಳನ್ನು ಹಮ್ಮಿಕೊಳ್ಳುವ ಶಾಲೆಗಳೂ ಸಂಘಗಳೂ, ನೆಡುವ ಮುನ್ನ ಆ ನೆಲದಲ್ಲಿ ಈಗಾಗಲೇ ಯಾವ ಜೀವಿಗಳಿವೆ ಎಂಬುದನ್ನು ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಬಹುದು. ನಗರವಾಸಿಗಳು ಬಯಲಿಗೆ ಹೋದಾಗ ಜೊತೆಗೆ ತಂದ ನಾಯಿಯನ್ನು ಬಿಡದಿರುವುದು, ಕಂಡ ಹಕ್ಕಿಯ ಹೆಸರು, ಸ್ಥಳ, ದಿನಾಂಕಗಳನ್ನು ಬರೆದಿಡುವುದು ಇವೂ ಸಣ್ಣ ಕೆಲಸಗಳಲ್ಲ. 1932 ಮತ್ತು 2006ರ ನಡುವಣ ಮೌನಕ್ಕೆ ನೋಡುವವರ ಕೊರತೆಯೂ ಒಂದು ಕಾರಣವಾಗಿರಬಹುದು.

ಕಾಡು, ಸರೋವರ, ನದಿ, ವನ್ಯಜೀವಿಗಳನ್ನು ಒಳಗೊಂಡ ಪ್ರಾಕೃತಿಕ ಪರಿಸರವನ್ನು ಕಾಪಾಡುವುದೂ, ಜೀವಿಗಳಲ್ಲಿ ದಯೆ ತೋರುವುದೂ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನದ 51ಎ ಅನುಚ್ಛೇದ ವಿಧಿಸುತ್ತದೆ. 1976ರಲ್ಲಿ ಸೇರ್ಪಡೆಯಾದ ಈ ಕರ್ತವ್ಯವು ಹುಲಿ, ಆನೆಗಳಿಗಷ್ಟೇ ಮೀಸಲಾದುದಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ, ಮಣ್ಣಿನ ಬಣ್ಣವನ್ನೇ ಹೊದ್ದು ಕುಳಿತ ಹಕ್ಕಿಗೂ ಅದು ಸಲ್ಲುತ್ತದೆ. ಮುಂದಿನ ಸಲ ಯಾರಾದರೂ ಒಂದು ಬಯಲನ್ನು ತೋರಿಸಿ ‘ಅಲ್ಲೇನೂ ಇಲ್ಲ’ ಎಂದಾಗ, ಸ್ವಲ್ಪ ಹೊತ್ತು ನಿಂತು ಕಿವಿಗೊಡುವುದು ಒಳಿತು. ಪೊದೆಗಳ ನಡುವಿನಿಂದ ಆ ಮೆಲು ಸಿಳ್ಳು ಕೇಳಿಬಂದರೆ, ಅದು ಪಾಳು ಭೂಮಿಯಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಕಾಗುವುದಿಲ್ಲ.